ಪಿಕಪ್ ಗಾಡಿಗೆ ಬೆಡ್ ಲೈನರ್: ತಗಡು ಕೊಳ್ಳುವ ಮೊದಲು ಬಕೆಟ್ ನೀರು ಸುರಿದು ನೋಡಿ

ಹೊಸ ಪಿಕಪ್ ಮನೆಗೆ ಬಂದ ವಾರದಲ್ಲೇ ಸರಕು ಹೇರುವ ಬಾಡಿಯ ನೆಲಕ್ಕೆ ಬೆಡ್ ಲೈನರ್ ಅಂತ, ಅಂದರೆ ನೆಲ ಹಾಳಾಗದ ಹಾಗೆ ಹಾಸುವ ಹೊದಿಕೆ ಅಂತ, ಚೆಕ್ಕರ್ ಪ್ಲೇಟ್ (ಉಬ್ಬು ಗೆರೆಗಳಿರುವ ಕಬ್ಬಿಣದ ತಗಡು) ಹಾಕಿಸುತ್ತಾರೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ಪ್ಲೇಟ್ ಗಟ್ಟಿಯಾಗೇ ಇರುತ್ತದೆ, ಅದರಡಿಯ ಗಾಡಿಯ ನೆಲ ಮಾತ್ರ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಸಕಲೇಶಪುರದ ಕಡೆಯ ನಮ್ಮ ಗಾಡಿಗೂ ಇದೇ ಆಯಿತು. ಸುತ್ತಲೂ ವೆಲ್ಡಿಂಗ್ ಹೊಡೆಸಿದ್ದೆವು. ಮೂರನೇ ಮಳೆಗಾಲ ಮುಗಿದ ಮೇಲೆ ಗಾಡಿಯಡಿ ಮಲಗಿ ಸ್ಕ್ರೂಡ್ರೈವರ್‌ನಿಂದ ಒತ್ತಿದೆ. ಅದು ನೆಲ ದಾಟಿ ಪ್ಲೇಟಿಗೆ ತಾಗಿತು.

ತಪ್ಪು ಚೆಕ್ಕರ್ ಪ್ಲೇಟಿನದ್ದಲ್ಲ, ಕೆಲಸದ ಕ್ರಮದ್ದು. ಎಲ್ಲರೂ ಮೊದಲು ಅಂಗಡಿಗೆ ಹೋಗಿ ವಸ್ತು ಆರಿಸುತ್ತಾರೆ. ಲೋಡು, ನೀರು, ತೂಕ ಇವುಗಳ ಯೋಚನೆ ಆಮೇಲೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಈ ಮಾರ್ಗದರ್ಶಿಯಲ್ಲಿ ವಸ್ತುವಿನ ಆಯ್ಕೆಯನ್ನು ಐದನೇ ಹಂತಕ್ಕೆ ಇಟ್ಟಿದ್ದೇನೆ. ದಯವಿಟ್ಟು ಮೊದಲ ನಾಲ್ಕನ್ನು ದಾಟಿ ಹೋಗಬೇಡಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಅಳತೆ ಟೇಪು, ಟಾರ್ಚು, ದಪ್ಪ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ತಂತಿ ಬ್ರಷ್, ಎರಡು ಬಕೆಟ್ ನೀರು, ಒಂದು ಸೀಮೆಸುಣ್ಣ. ಗಾಡಿಯ ಆರ್‌ಸಿ ಪ್ರತಿಯೂ ಬೇಕು. ನೀವೇ ಕೂರಿಸುವುದಾದರೆ 80 ನಂಬರಿನ ಎಮರಿ ಪೇಪರ್, ಥಿನ್ನರ್, ಪ್ರೈಮರ್, ರಬ್ಬರ್ ವಾಷರ್, ಬೋಲ್ಟು, ಸೀಲಂಟ್ ಸೇರಿಸಿಕೊಳ್ಳಿ.

## ಹಂತ 1: ಒಂದು ತಿಂಗಳ ಲೋಡು ಬರೆದುಕೊಳ್ಳಿ

ಹೋದ ತಿಂಗಳು ಗಾಡಿಯಲ್ಲಿ ಏನೇನು ಹೋಯಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಮುಂದೆ ಏನು ಹೇರಬಹುದು ಅನ್ನುವುದು ಬೇಡ, ನಿಜವಾಗಿ ಹೋದದ್ದು ಬೇಕು. ಪ್ರತಿಯೊಂದರ ಎದುರು ಅದು ನೆಲಕ್ಕೆ ಏನು ಮಾಡುತ್ತದೆ ಅಂತ ಒಂದು ಮಾತು ಬರೆಯಿರಿ.

ಸೈಜುಗಲ್ಲು, ಕೆಂಪು ಕಲ್ಲು, ಜಲ್ಲಿ ಹೊಡೆಯುತ್ತವೆ. ಟೊಮೇಟೊ ಕ್ರೇಟು, ಗ್ಯಾಸ್ ಸಿಲಿಂಡರ್, ಹಾಲಿನ ಕ್ಯಾನು ಎಳೆದಾಡುವಾಗ ಗೀರುತ್ತವೆ. ಯೂರಿಯಾ, ಕೋಳಿ ಗೊಬ್ಬರ, ಮೀನಿನ ಐಸ್ ನೀರು ತಿನ್ನುತ್ತವೆ. ಹಸು, ಮೇಕೆ ಜಾರುತ್ತವೆ, ಮೇಲೆ ಗಂಜಲವೂ ಬೀಳುತ್ತದೆ. ಕಾಫಿ, ಅಡಿಕೆ ಮೂಟೆ ನೆಲಕ್ಕೆ ಏನೂ ಮಾಡುವುದಿಲ್ಲ. ಅಲ್ಲಿ ನೆಲದ ತೇವ ಮೂಟೆಗೆ ಹತ್ತಬಾರದು, ಅಷ್ಟೆ.

ಹೊಡೆತ, ಗೀರು, ತಿನ್ನುವುದು, ಜಾರುವುದು. ಈ ನಾಲ್ಕರಲ್ಲಿ ನಿಮ್ಮ ಹಾಳೆಯಲ್ಲಿ ಯಾವುದು ಜಾಸ್ತಿ ಬಂದಿದೆಯೋ ಅದೇ ಲೈನರನ್ನು ಆರಿಸುತ್ತದೆ. ವರ್ಷಕ್ಕೆ ಎರಡು ಸಲ ಕಲ್ಲು ತರುತ್ತೀರಿ ಅಂತ ವರ್ಷವಿಡೀ ಕಬ್ಬಿಣ ಹೊತ್ತು ತಿರುಗುವುದು ಬೇಡ. ಆ ಎರಡು ದಿನಕ್ಕೆ ಹಳೆಯ ಹಲಗೆ ಹಾಸಿದರೆ ಸಾಕು.

## ಹಂತ 2: ನೆಲದ ಆರೋಗ್ಯ ನೋಡಿ

ಬಾಡಿ ಖಾಲಿ ಮಾಡಿ, ತೊಳೆದು, ಪೂರ್ತಿ ಒಣಗಿಸಿ. ಬಣ್ಣ ಉಬ್ಬಿದ ಜಾಗವನ್ನೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಮೂಲೆಗಳು, ಹಿಂದಿನ ಡೋರಿನ ಹಿಂಜ್ ಬಳಿ, ಬೋಲ್ಟ್ ತಲೆಗಳ ಸುತ್ತ ಮುಖ್ಯವಾಗಿ ನೋಡಿ.

ಗುರುತು ಮಾಡಿದ ಕಡೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ಪಟ್ ಅನ್ನುತ್ತದೆ. ಆಮೇಲೆ ಗಾಡಿಯಡಿ ಹೋಗಿ ಟಾರ್ಚ್ ಹಿಡಿದು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಮೇಲಿನಿಂದ ಚೆನ್ನಾಗಿದ್ದು ಕೆಳಗಿನಿಂದ ಪದರ ಪದರವಾಗಿ ಉದುರುವ ನೆಲ ಬೇಕಾದಷ್ಟಿವೆ. ಎಷ್ಟೇ ಹಳೆಯ ಗಾಡಿಯಾದರೂ ಜಾಕ್ ಮೇಲೆ ಎತ್ತಿ ಅಡಿ ಹೋಗಬೇಡಿ. ಸಮತಟ್ಟಾದ ಜಾಗದಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು, ಗೇರಿನಲ್ಲಿ ನಿಲ್ಲಿಸಿದ ಮೇಲೆ ಹೋಗಿ.

ತುಕ್ಕು ಮೇಲ್ಮೇಲಿನದ್ದಾದರೆ ಉಜ್ಜಿ ಪ್ರೈಮರ್ ಹೊಡೆದರೆ ಆಯಿತು. ತೂತು ಬಿದ್ದಿದ್ದರೆ ಮೊದಲು ಟಿಂಕರ್ ಕೆಲಸ, ಆಮೇಲೆ ಲೈನರ್. ಲೈನರ್ ತುಕ್ಕನ್ನು ನಿಲ್ಲಿಸುವುದಿಲ್ಲ, ನಿಮ್ಮ ಕಣ್ಣಿಗೆ ಕಾಣದ ಹಾಗೆ ಮಾಡುತ್ತದೆ ಅಷ್ಟೆ.

## ಹಂತ 3: ನೀರು ಎಲ್ಲಿಗೆ ಹೋಗುತ್ತದೆ?

ಎಲ್ಲರೂ ಬಿಡುವ ಹಂತ ಇದೇ, ಮುಖ್ಯವಾದದ್ದೂ ಇದೇ.

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಕ್ಯಾಬಿನ್ ಕಡೆಯಿಂದ ಎರಡು ಬಕೆಟ್ ನೀರು ನಿಧಾನವಾಗಿ ಸುರಿಯಿರಿ. ಹತ್ತು ನಿಮಿಷ ಬಿಟ್ಟು ನೋಡಿ. ಎಲ್ಲಿ ನಿಂತಿದೆ, ಎಲ್ಲಿಂದ ಹೊರಗೆ ಹೋಯಿತು, ಎರಡನ್ನೂ ಗುರುತು ಮಾಡಿಕೊಳ್ಳಿ. ಬೇಕಾದರೆ ಫೋನಿನಲ್ಲಿ ಫೋಟೋ ತೆಗೆದಿಡಿ, ಕೂರಿಸುವವರಿಗೆ ತೋರಿಸಲು ಆಗುತ್ತದೆ.

ನಮ್ಮ ಸರಕು ಪಿಕಪ್‌ಗಳ ನೆಲದಲ್ಲಿ ಸಾಮಾನ್ಯವಾಗಿ ಉದ್ದುದ್ದ ಏಣುಗಳಿರುತ್ತವೆ. ನೀರು ಅವುಗಳ ನಡುವಿನ ಕಾಲುವೆಯಲ್ಲೇ ಹಿಂದಕ್ಕೆ ಹರಿಯುತ್ತದೆ. ಮೇಲೆ ಚಪ್ಪಟೆ ತಗಡು ಕೂತರೂ ಕಾಲುವೆ ತೆರೆದೇ ಇರುತ್ತದೆ. ಇದು ಒಳ್ಳೆಯದೇ. ಆದರೆ ಎರಡು ತೊಂದರೆ ಇವೆ. ಒಂದು, ಆ ಕಾಲುವೆಗೆ ಎಂ-ಸ್ಯಾಂಡ್, ಮಣ್ಣು, ಗೊಬ್ಬರದ ಪುಡಿ ಸೇರಿ ಕಟ್ಟಿಕೊಳ್ಳುತ್ತದೆ. ಒದ್ದೆ ಮಣ್ಣು ವಾರಗಟ್ಟಲೆ ತಗಡಿಗೆ ಅಂಟಿ ಕೂತರೆ ಬಣ್ಣ ಉಳಿಯುವುದಿಲ್ಲ. ಇನ್ನೊಂದು, ವೆಲ್ಡಿಂಗ್ ಮಾಡುವವರು ಅಂದ ಕಾಣಲಿ ಅಂತ ಹಿಂದಿನ ತುದಿಗೂ ಪಟ್ಟಿ ಹೊಡೆದು ಕಾಲುವೆಯ ಬಾಯಿ ಮುಚ್ಚಿಬಿಡುತ್ತಾರೆ. ನೀರು ಒಳಗೆ ಹೇಗಾದರೂ ಹೋಗುತ್ತದೆ. ಹೊರಗೆ ಬರಲು ಮಾತ್ರ ದಾರಿ ಇರುವುದಿಲ್ಲ. ನಮ್ಮ ಗಾಡಿ ಹಾಳಾದದ್ದು ಹೀಗೇ.

ಇಲ್ಲಿಂದ ಎರಡೇ ದಾರಿ. ಒಂದೋ ಲೈನರ್ ನೆಲಕ್ಕೆ ಪೂರ್ತಿ ಅಂಟಿ, ನಡುವೆ ಒಂದು ಹನಿಗೂ ಜಾಗ ಇರಬಾರದು. ಇಲ್ಲವೇ ಅದನ್ನು ಸುಲಭವಾಗಿ ಎತ್ತಿ ಕೆಳಗೆ ತೊಳೆಯಲು ಬರಬೇಕು. ಅಂಟಿಯೂ ಇಲ್ಲ, ಎತ್ತಲೂ ಬಾರದು ಅನ್ನುವ ಲೈನರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

## ಹಂತ 4: ತೂಕದ ಲೆಕ್ಕ ಹಾಕಿ

ಲೈನರಿನ ಪ್ರತಿ ಕಿಲೋ ನಿಮ್ಮ ಬಾಡಿಗೆಯ ಲೋಡಿನಿಂದ ಕಡಿಮೆಯಾಗುತ್ತದೆ. ಲೆಕ್ಕ ಸುಲಭ. ಅಡಿಯಲ್ಲಿ ಉದ್ದ, ಅಡಿಯಲ್ಲಿ ಅಗಲ, ಮಿ.ಮೀ.ನಲ್ಲಿ ದಪ್ಪ, ಮೂರನ್ನೂ ಗುಣಿಸಿ. ಕಬ್ಬಿಣಕ್ಕಾದರೆ ಬಂದದ್ದನ್ನು 0.73ರಿಂದ, ಅಲ್ಯೂಮಿನಿಯಮ್‌ಗಾದರೆ 0.25ರಿಂದ ಗುಣಿಸಿ. ಕಿಲೋ ಸಿಗುತ್ತದೆ.

9 ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿ ಅಂತ ಇಟ್ಟುಕೊಳ್ಳಿ. 3 ಮಿ.ಮೀ. ಕಬ್ಬಿಣ ಹಾಸಿದರೆ ಸುಮಾರು 108 ಕೆಜಿ. ಚೆಕ್ಕರ್ ಪ್ಲೇಟಿನ ಉಬ್ಬು ಗೆರೆಗಳ ತೂಕ ಬೇರೆ. ಅದೇ ದಪ್ಪದ ಅಲ್ಯೂಮಿನಿಯಮ್ 37 ಕೆಜಿ. 10 ಮಿ.ಮೀ. ರಬ್ಬರ್ ಮ್ಯಾಟ್ 60 ಕೆಜಿ ಮೇಲೆ. 12 ಮಿ.ಮೀ. ಪ್ಲೈವುಡ್ ಒಣಗಿದ್ದಾಗ 35 ಕೆಜಿ ಆಸುಪಾಸು, ನೆನೆದರೆ ಜಾಸ್ತಿ. ದ್ರವವಾಗಿ ಹೊಡೆದು ಗಟ್ಟಿಯಾಗಲು ಬಿಡುವ ಸ್ಪ್ರೇ ಲೈನರ್ ನೆಲಕ್ಕೂ ಪಕ್ಕಕ್ಕೂ ಸೇರಿ 25 ಕೆಜಿಯ ಒಳಗೆ ಹೊರಗೆ.

ಕೋಲಾರದ ಮಂಡಿಯಲ್ಲಿ ಟೊಮೇಟೊ ಬಾಕ್ಸ್ 15 ಕೆಜಿಯದು. 108 ಕೆಜಿ ಅಂದರೆ ಏಳು ಬಾಕ್ಸ್, ಪ್ರತಿ ಟ್ರಿಪ್ಪಿಗೂ. ಒಂದೂವರೆ ಟನ್ ಹೊರುವ ಬೊಲೆರೊ ಪಿಕಪ್‌ಗೆ ಇದು ನಡೆದೀತು. 750 ಕೆಜಿ ಹೊರುವ ಟಾಟಾ ಏಸ್‌ನಂಥ ಸಣ್ಣ ಗಾಡಿಗೆ 7 ಅಡಿಗೆ 5 ಅಡಿ ಪ್ಲೇಟ್ ಹಾಕಿದರೂ ಸುಮಾರು 77 ಕೆಜಿ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು! ಸಣ್ಣ ಗಾಡಿಗೆ ನಾನು 3 ಮಿ.ಮೀ. ಕಬ್ಬಿಣ ಹೇಳುವುದೇ ಇಲ್ಲ.

ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ, ಲೋಡು ಸೇರಿದ ಒಟ್ಟು ತೂಕ ಎರಡೂ ಇರುತ್ತವೆ. ವೇಬ್ರಿಡ್ಜ್‌ನಲ್ಲಿ ನೋಡುವುದು ಒಟ್ಟು ತೂಕವನ್ನು. ಲೈನರಿನ ಭಾರ ಅಂತ ಯಾರೂ ಬಿಡುವುದಿಲ್ಲ. ಹಾಗೇ ಲೈನರ್ ಹಾಕಿಸುವ ನೆಪದಲ್ಲಿ ಪಕ್ಕದ ಬಾಡಿ ಎತ್ತರ ಮಾಡಿಸಬೇಡಿ. ಅದು ಗಾಡಿಯ ಅಳತೆಯನ್ನೇ ಬದಲಿಸಿದಂತೆ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋದಾಗ ತೊಂದರೆಯಾಗುತ್ತದೆ.

## ಹಂತ 5: ಈಗ ವಸ್ತು ಆರಿಸಿ

ರಬ್ಬರ್ ಮ್ಯಾಟ್. ಹೊಲ, ತೋಟ, ಮಂಡಿ ಅಂತ ಎಲ್ಲದಕ್ಕೂ ಓಡುವ ಗಾಡಿಗೆ ನನ್ನ ಮೊದಲ ಆಯ್ಕೆ ಇದೇ. ಕೊಟ್ಟಿಗೆಗೆ ಹಾಸುವ ಕೌ ಮ್ಯಾಟೇ ಸಾಕು. ಕೆಳಭಾಗದಲ್ಲಿ ಗುಬ್ಬಿ ಅಥವಾ ಗೆರೆ ಇರುವುದನ್ನು ತೆಗೆದುಕೊಳ್ಳಿ, ನೀರು ಹರಿಯಲು ಜಾಗ ಸಿಗುತ್ತದೆ. ಒಂದೇ ತುಂಡು ಬೇಡ. ಒಬ್ಬರೇ ಎತ್ತುವಷ್ಟು ಅಳತೆಯ ಮೂರು ನಾಲ್ಕು ತುಂಡು ಮಾಡಿಸಿ. ಎತ್ತಲು ಕಷ್ಟವಾದ ಮ್ಯಾಟನ್ನು ಯಾರೂ ಎತ್ತುವುದಿಲ್ಲ, ಅಲ್ವಾ?

ಇದಕ್ಕೆ ಎರಡು ಮಿತಿ ಇವೆ. ಡೀಸೆಲ್, ಆಯಿಲ್ ಚೆಲ್ಲಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹೊಸ ರಬ್ಬರಿನ ವಾಸನೆ ಗಾಢ. ಕಾಫಿ ಬೀಜ ಪಕ್ಕದ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ಕಾಫಿ ಹೇರುವವರು ಮ್ಯಾಟನ್ನು ಕೆಲವು ದಿನ ಬಿಸಿಲು ಗಾಳಿಗೆ ಹಾಕಿ, ಆಮೇಲೂ ಮೂಟೆಯಡಿ ಶುದ್ಧ ಟಾರ್ಪಾಲ್ ಹಾಸಿ.

ಚೆಕ್ಕರ್ ಪ್ಲೇಟ್. ಕಲ್ಲು, ಕಬ್ಬಿಣ, ಯಂತ್ರದ ಭಾಗ ದಿನವೂ ಹೇರುವವರಿಗೆ ಇದಕ್ಕೆ ಸಮ ಬೇರೆ ಇಲ್ಲ. ಆದರೆ ಬೋಲ್ಟ್ ಹಾಕಿಸಿ, ಸುತ್ತ ವೆಲ್ಡಿಂಗ್ ಬೇಡ. ಎರಡು ಮೂರು ತುಂಡಾಗಿ ಕತ್ತರಿಸಿದರೆ ಮಳೆಗಾಲ ಮುಗಿದ ಮೇಲೆ ಬಿಚ್ಚಿ ತೊಳೆಯಬಹುದು. ಹಸು ಸಾಗಿಸುವವರು ಇದನ್ನೇ ನಂಬಬೇಡಿ. ಒದ್ದೆಯಾದರೆ ಗೊರಸು ಜಾರುತ್ತದೆ, ಮೇಲೆ ಮ್ಯಾಟ್ ಬೇಕೇ ಬೇಕು.

ಅಲ್ಯೂಮಿನಿಯಮ್ ಪ್ಲೇಟ್. ಹಗುರ, ಕೆಂಪು ತುಕ್ಕು ಹಿಡಿಯುವುದಿಲ್ಲ. ಇದರ ಗುಟ್ಟು ಬೇರೆ. ಅಲ್ಯೂಮಿನಿಯಮ್ಮೂ ಕಬ್ಬಿಣವೂ ನೇರ ತಾಗಿ, ನಡುವೆ ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಮ್ ಬಿಳಿ ಪುಡಿಯಾಗಿ ಸವೆಯುತ್ತದೆ. ಮಂಗಳೂರು, ಮಲ್ಪೆ, ಕಾರವಾರದ ಗಾಳಿಗೆ, ಅದರಲ್ಲೂ ಮೀನಿನ ಲೋಡಿಗೆ, ಇದು ಬೇಗ ಆಗುತ್ತದೆ. ಹಾಕಿಸುವುದಾದರೆ ನಡುವೆ ಪೂರ್ತಿ ರಬ್ಬರ್ ಶೀಟು, ಬೋಲ್ಟಿಗೆ ನೈಲಾನ್ ವಾಷರ್ ಇರಲೇಬೇಕು.

ಪ್ಲೈವುಡ್. ಮನೆ ಸಾಮಾನು, ಫರ್ನಿಚರ್, ಎಲೆಕ್ಟ್ರಾನಿಕ್ಸ್ ಸಾಗಿಸುವ, ಮೇಲೆ ಹೊದಿಕೆ ಇರುವ ಗಾಡಿಗೆ ಸರಿ. ತೆರೆದ ಗಾಡಿಗೆ ಬೇಡ. ನೀರು ಕುಡಿದ ಪ್ಲೈವುಡ್ ಒದ್ದೆ ಗೋಣಿ ಹಾಸಿದ ಹಾಗೆ.

ಅಚ್ಚಿನ ಪ್ಲಾಸ್ಟಿಕ್ ಲೈನರ್. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಗಾಡಿಗೆ ಬಾಡಿಯ ಆಕಾರದಲ್ಲೇ ಸಿಗುತ್ತದೆ. ನಿಮ್ಮ ಮಾಡೆಲ್‌ಗೇ ಮಾಡಿದ್ದನ್ನು ಮಾತ್ರ ಕೊಳ್ಳಿ. ಅಳತೆ ಸ್ವಲ್ಪ ತಪ್ಪಿದರೂ ಗಾಡಿ ಓಡುವಾಗ ಅಲುಗಾಡುತ್ತದೆ. ಕೆಳಗೆ ಸೇರಿದ ಮರಳು ಎಮರಿ ಪೇಪರಿನಂತೆ ಬಣ್ಣ ಉಜ್ಜಿ ತೆಗೆಯುತ್ತದೆ. ಮೇಲ್ಮೈ ನುಣುಪು, ಸಾಮಾನು ಜಾರುತ್ತದೆ, ಹಗ್ಗ ಬಿಗಿಯಲೇಬೇಕು.

ಸ್ಪ್ರೇ ಲೈನರ್. ಗೊಬ್ಬರ, ಮೀನು, ಗಂಜಲ, ಅಂದರೆ ತಿನ್ನುವ ಲೋಡಿಗೆ ಇದು ಒಳ್ಳೆಯದು, ಏಕೆಂದರೆ ತಗಡಿಗೆ ಅಂಟಿ ಒಂದೇ ಚರ್ಮದ ಹಾಗೆ ಕೂರುತ್ತದೆ. ಇದರಲ್ಲಿ ಎರಡು ಬಗೆ. ಪಾಲಿಯೂರಿಯಾ ಬಿಸಿ ಮಾಡಿ ಜೋರು ಒತ್ತಡದಲ್ಲಿ ಹೊಡೆಯುವ ಯಂತ್ರದ ಕೆಲಸ, ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಪಾಲಿಯುರೆಥೇನ್ ಕಿಟ್ ರೋಲರಿನಲ್ಲೂ ಹಚ್ಚಬಹುದು, ಗಟ್ಟಿಯಾಗಲು ದಿನ ಬೇಕು. ಎರಡರಲ್ಲೂ ಬಾಳಿಕೆ ನಿಂತಿರುವುದು ತಗಡನ್ನು ಎಷ್ಟು ಚೆನ್ನಾಗಿ ಉಜ್ಜಿದ್ದಾರೆ ಅನ್ನುವುದರ ಮೇಲೆ. ಇನ್ನು ಚೂಪು ಕಲ್ಲು ಎಳೆದರೆ ಇದೂ ಹರಿಯುತ್ತದೆ. ಹರಿದ ದಿನವೇ ಮುಚ್ಚದಿದ್ದರೆ ನೀರು ಅಡಿಗೆ ನುಗ್ಗುತ್ತದೆ.

ಯಾವ ಲೈನರ್ ಆದರೂ ಸರಿ, ಈ ಒಂದು ಮಾತು ಮರೆಯಬೇಡಿ. ಬ್ರಷ್ ಕಟ್ಟರ್‌ಗೆ, ಪಂಪ್‌ಗೆ ಅಂತ ಕ್ಯಾನಿನಲ್ಲಿ ಪೆಟ್ರೋಲ್ ತರುತ್ತೀರಿ. ಕ್ಯಾನನ್ನು ಗಾಡಿಯ ಬಾಡಿಯಲ್ಲೇ ಇಟ್ಟು ತುಂಬಿಸಬೇಡಿ. ಪ್ಲಾಸ್ಟಿಕ್ ಲೈನರ್ ಮೇಲೆ ಕೂತ ಕ್ಯಾನಿನಲ್ಲಿ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ, ನೆಲಕ್ಕೆ ಇಳಿದು ಹೋಗುವುದಿಲ್ಲ. ಒಂದು ಕಿಡಿ ಸಾಕು. ಅಮೆರಿಕದಲ್ಲಿ ಪಿಕಪ್‌ಗಳಿಗೆ ಹೀಗೆ ಬೆಂಕಿ ಹತ್ತಿ, 1998ರಲ್ಲಿ ಅಲ್ಲಿನ ಸರ್ಕಾರಿ ಸುರಕ್ಷತಾ ಸಂಸ್ಥೆ ಎಚ್ಚರಿಕೆ ಹೊರಡಿಸಿತ್ತು. ಅಂಥ ಬೆಂಕಿಗೆ ನಮ್ಮ ಊರಿನ ಬಂಕೂ ಬೇರೆಯಲ್ಲ. ಬಂಕಿನವರು ಒಪ್ಪುವ ಕ್ಯಾನೇ ಒಯ್ಯಿರಿ, ಕೆಳಗಿಳಿಸಿ ನೆಲದ ಮೇಲೆ ಇಟ್ಟು ತುಂಬಿಸಿ, ಆಮೇಲೆ ಮೇಲೆತ್ತಿ.

## ಹಂತ 6: ಅಂಗಡಿಯಲ್ಲಿ ಕೇಳಬೇಕಾದ್ದು

ಪ್ಲೇಟ್ ಕೊಳ್ಳುವಾಗ ದಪ್ಪವನ್ನು ಉಬ್ಬು ಗೆರೆ ಬಿಟ್ಟು ಅಳೆಯಲು ಹೇಳಿ. ಗೆರೆ ಸೇರಿಸಿ ಅಳೆದರೆ ತೆಳ್ಳಗಿನದ್ದೂ ದಪ್ಪ ಕಾಣುತ್ತದೆ.

ಸ್ಪ್ರೇ ಮಾಡುವವರ ಬಳಿ ಹೊಸದಾಗಿ ಮಾಡಿದ ಗಾಡಿ ನೋಡಬೇಡಿ, ಹೊಸದರಲ್ಲಿ ಎಲ್ಲವೂ ಚೆನ್ನಾಗಿರುತ್ತವೆ. ಒಂದೆರಡು ವರ್ಷ ದುಡಿದ ಗಾಡಿ ತೋರಿಸಿ ಅನ್ನಿ. ಮೂಲೆಯಲ್ಲಿ, ಡೋರಿನ ಅಂಚಿನಲ್ಲಿ ಉಗುರು ಹಾಕಿ ನೋಡಿ. ಎದ್ದು ಬಂದರೆ ಅಲ್ಲಿಂದ ಹೊರಡಿ. ಮಾದರಿ ತುಂಡು ಸಿಕ್ಕರೆ ಬಾಗಿಸಿ ನೋಡಿ, ಬಿರುಕು ಬಿಡಬಾರದು.

ಇನ್ನೊಂದು ಮೋಸ ನಡೆಯುತ್ತದೆ. ಗಾಡಿಯ ಅಡಿಗೆ ಹೊಡೆಯುವ ಕಪ್ಪು ಡಾಂಬರಿನ ಕೋಟಿಂಗನ್ನೇ ಬಾಡಿಯೊಳಗೂ ಹೊಡೆದು ಲೈನರ್ ಅನ್ನುತ್ತಾರೆ. ಅದು ಬಿಸಿಲಿಗೆ ಮೆತ್ತಗಾಗಿ ಮೂಟೆಗೆ ಅಂಟುತ್ತದೆ. ಗೊತ್ತು ಮಾಡುವುದು ಸುಲಭ. ಬಟ್ಟೆಗೆ ಪೆಟ್ರೋಲ್ ಹಚ್ಚಿ ಮಾದರಿ ತುಂಡಿನ ಮೇಲೆ ಉಜ್ಜಿ. ಬಟ್ಟೆ ಕಪ್ಪಾಗಿ ಬಂದರೆ ಡಾಂಬರು.

ಹೊಸ ಗಾಡಿಯಾದರೆ, ತೂತು ಕೊರೆದರೆ ಅಥವಾ ವೆಲ್ಡಿಂಗ್ ಮಾಡಿಸಿದರೆ ಬಾಡಿಯ ವಾರಂಟಿ ಏನಾಗುತ್ತದೆ ಅಂತ ಡೀಲರ್ ಹತ್ತಿರ ಬರಹದಲ್ಲೇ ಕೇಳಿ ಇಟ್ಟುಕೊಳ್ಳಿ.

## ಹಂತ 7: ಕೂರಿಸುವ ಕ್ರಮ

ಒಣ ತಿಂಗಳು ನೋಡಿಕೊಳ್ಳಿ. ಮಳೆಗಾಲದ ನಡುವೆ ಸ್ಪ್ರೇ ಕೆಲಸ ಬೇಡವೇ ಬೇಡ. ಪಾಲಿಯುರೆಥೇನ್‌ನ ಗಟ್ಟಿಕಾರಕ ಗಾಳಿಯ ತೇವದ ಜೊತೆ ಸೇರಿ ಗ್ಯಾಸ್ ಬಿಡುತ್ತದೆ, ಕೋಟಿಂಗ್ ಒಳಗೆ ಗುಳ್ಳೆ ಏಳುತ್ತದೆ. ಬೆಳಿಗ್ಗೆ ತಗಡಿನ ಮೇಲೆ ಇಬ್ಬನಿ ಇದ್ದರೆ ಬಿಸಿಲೇರಿ ಆರುವವರೆಗೆ ಕಾಯಿರಿ.

ಪ್ಲೇಟಿಗೆ ಹೀಗೆ ಮಾಡಿ. ಮೊದಲು ಗಾಡಿಯ ನೆಲ ಉಜ್ಜಿ ಪ್ರೈಮರ್, ಮೇಲೆ ಎರಡು ಕೋಟ್ ಬಣ್ಣ. ಪ್ಲೇಟಿನ ಕೆಳಮೈಗೂ ಅಷ್ಟೇ ಬಣ್ಣ. ಇದನ್ನು ಯಾರೂ ಮಾಡುವುದಿಲ್ಲ, ನೀವು ನಿಂತು ಮಾಡಿಸಿ. ಒಣಗಿದ ಮೇಲೆ ಏಣುಗಳ ಮೇಲೆ ರಬ್ಬರ್ ಪಟ್ಟಿ ಇಡಿ. ಗಡಗಡ ಸದ್ದೂ ನಿಲ್ಲುತ್ತದೆ, ಬಣ್ಣವೂ ಉಳಿಯುತ್ತದೆ. ಪ್ಲೇಟನ್ನು ಸುತ್ತ 5 ಮಿ.ಮೀ. ಜಾಗ ಬಿಟ್ಟು ಕೂರಿಸಿ. ಹಿಂದಿನ ಅಂಚು ತೆರೆದಿರಲಿ.

ಕೊರೆಯುವ ಮೊದಲು ಕೆಳಗೆ ಏನಿದೆ ನೋಡಿ. ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು, ವೈರಿಂಗ್ ಎಲ್ಲವೂ ನೆಲದಡಿಯೇ ಹೋಗುತ್ತವೆ. ಮೇಲಿನಿಂದ ಕೊರೆಯುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು ಕೆಳಗೆ ನೋಡುತ್ತಿರಲಿ. ಕೊರೆದ ತೂತಿನ ಅಂಚಿಗೂ ಬಣ್ಣ ಮುಟ್ಟಿಸಿ. ಬೋಲ್ಟಿನ ತಲೆ ಪ್ಲೇಟಿಗೆ ಸಮವಾಗಿ ಕೂರುವಂಥದ್ದಿರಲಿ. ಇಲ್ಲದಿದ್ದರೆ ಕ್ರೇಟು ಸಿಕ್ಕಿಕೊಳ್ಳುತ್ತದೆ, ಹಮಾಲರ ಕಾಲಿಗೂ ತಾಗುತ್ತದೆ.

ವೆಲ್ಡಿಂಗ್ ಬೇಕೇ ಬೇಕು ಅನ್ನುವ ಸ್ಥಿತಿ ಬಂದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ. 2020ರ ಏಪ್ರಿಲ್ ಆದಮೇಲೆ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಸೆನ್ಸರ್, ಎಲೆಕ್ಟ್ರಾನಿಕ್ಸ್ ಜಾಸ್ತಿ. ಅರ್ಥ್ ಕ್ಲಾಂಪ್ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿಸಿ. ಮುಗಿದ ಮೇಲೆ ಕೆಳಗೆ ಬೆಂದುಹೋದ ಬಣ್ಣವನ್ನು ಅದೇ ದಿನ ಸರಿ ಮಾಡಿ.

ಸ್ಪ್ರೇಗೆ ಮೊದಲು ಗ್ರೀಸ್ ತೆಗೆಯಿರಿ, ಆಮೇಲೆ 80 ನಂಬರಿನಲ್ಲಿ ಉಜ್ಜಿ. ಉಲ್ಟಾ ಮಾಡಿದರೆ ಗ್ರೀಸ್ ಗೀರುಗಳೊಳಗೆ ಹೋಗಿ ಕೂರುತ್ತದೆ. ಹೊಳಪು ಒಂದು ಕಡೆಯೂ ಉಳಿಯಬಾರದು. ನೀರು ಹೋಗುವ ತೂತು, ಹಗ್ಗದ ಕೊಕ್ಕೆ, ಹಿಂಜ್ ಇವಕ್ಕೆ ಟೇಪ್ ಹಾಕಿ. ಎರಡು ಡಬ್ಬಿ ಬೆರೆಸಿ ಹಚ್ಚುವ ಕೋಟಿಂಗ್ ಅಡಿಗೆ ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಬೇಡಿ. ಅದು ಸುಕ್ಕುಗಟ್ಟಿ ಎದ್ದು ಬರಬಹುದು. ಎಪಾಕ್ಸಿ ಪ್ರೈಮರ್ ಬಳಸಿ.

ಮನೆಯಲ್ಲೇ ಹಚ್ಚುವವರಿಗೆ ಒಂದು ವಿನಂತಿ. ಆ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಉಸಿರಾಟಕ್ಕೆ ಅಪಾಯಕಾರಿ, ಆಸ್ತಮಾ ತರಿಸಬಲ್ಲದು. ಬಟ್ಟೆ ಮಾಸ್ಕ್ ಸಾಲದು. ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್, ಕನ್ನಡಕ, ಕೈಗವಸು ಬೇಕು. ಬಯಲಿನಲ್ಲಿ ರೋಲರಿನಿಂದ ಮಾತ್ರ ಹಚ್ಚಿ, ಮಕ್ಕಳನ್ನು ದೂರ ಇಡಿ. ಗನ್ನಿನಲ್ಲಿ ಹೊಡೆಯುವುದನ್ನು ಸರಿಯಾದ ವ್ಯವಸ್ಥೆ ಇರುವ ಅಂಗಡಿಗೇ ಬಿಡಿ.

## ಹಂತ 8: ಹಾಕಿಸಿದ ಮೇಲೆ ಗಮನಿಸಬೇಕಾದ ಲಕ್ಷಣಗಳು

ಮೊದಲು ಹಂತ 3ರ ಬಕೆಟ್ ಪರೀಕ್ಷೆಯನ್ನೇ ಮತ್ತೆ ಮಾಡಿ. ಮೊದಲು ಹೊರಗೆ ಬಂದಷ್ಟೇ ನೀರು ಈಗಲೂ ಬರಬೇಕು. ಕಡಿಮೆ ಬಂದರೆ ಉಳಿದದ್ದು ಲೈನರಡಿ ಇದೆ. ಕೂರಿಸಿದವರ ಎದುರೇ ಮಾಡಿ, ದುಡ್ಡು ಕೊಡುವ ಮೊದಲು.

ಆಮೇಲೆ ಈ ಲಕ್ಷಣಗಳು ಕಂಡರೆ ತಡ ಮಾಡಬೇಡಿ. ಮಳೆ ನಿಂತು ಎರಡು ದಿನವಾದರೂ ಬಾಡಿಯಿಂದ ಹನಿ ಬೀಳುತ್ತಿರುವುದು. ಹಿಂದಿನ ಡೋರಿನ ಕೆಳಗೆ ಕೆಂಪು ನೀರಿನ ಗೆರೆ. ಹಳ್ಳ ಹತ್ತಿ ಇಳಿದಾಗ ಹೊಸದಾಗಿ ಕೇಳುವ ಗಡಗಡ ಸದ್ದು. ಸ್ಪ್ರೇ ಮೇಲೆ ಗುಳ್ಳೆ, ಒತ್ತಿದರೆ ಪಿಚಕ್ ಅನ್ನುವ ಜಾಗ. ಅಲ್ಯೂಮಿನಿಯಮ್ ಪ್ಲೇಟಿನಲ್ಲಿ ಬೋಲ್ಟಿನ ಸುತ್ತ ಬಿಳಿ ಪುಡಿ. ಕೆಂಪು ನೀರು ಕಂಡರೆ ಅದೇ ವಾರ ಬಿಚ್ಚಿ ನೋಡಿ. ಅದು ಅಡಿಯ ನೆಲ ಕರಗಿ ಬರುತ್ತಿರುವ ನೀರು.

ಮ್ಯಾಟ್ ಇದ್ದವರು ವಾರಕ್ಕೊಮ್ಮೆ ಎತ್ತಿ ತೊಳೆಯಿರಿ, ಮ್ಯಾಟೂ ನೆಲವೂ ಒಣಗಿದ ಮೇಲೆ ಹಾಸಿ. ಗೊಬ್ಬರ, ಮೀನು ಹೇರಿದ ದಿನ ಅಂದೇ ತೊಳೆಯಬೇಕು. ಬೋಲ್ಟ್ ಹಾಕಿದ ಪ್ಲೇಟನ್ನು ವರ್ಷಕ್ಕೆ ಒಮ್ಮೆ, ದೀಪಾವಳಿ ಹೊತ್ತಿಗೆ ಬಿಚ್ಚಿ. ಮಳೆ ಮುಗಿದಿರುತ್ತದೆ, ತೋಟದ ಕೊಯ್ಲಿನ ಓಡಾಟ ಇನ್ನೂ ಜೋರಾಗಿರುವುದಿಲ್ಲ. ಕಾಲುವೆಯ ಮಣ್ಣು ಕೆರೆದು, ತೊಳೆದು, ಒಂದು ದಿನ ಬಿಸಿಲಿಗೆ ಬಿಟ್ಟು, ಬಣ್ಣ ಹೋದ ಕಡೆ ಮುಟ್ಟಿಸಿ, ಮತ್ತೆ ಕೂರಿಸಿ. ಇಬ್ಬರು ಇದ್ದರೆ ಬಿಚ್ಚಿ ತೊಳೆಯಲು ಅರ್ಧ ದಿನ ಸಾಕು. ಹೊಸ ವಾಷರುಗಳನ್ನು ಮೊದಲೇ ತಂದಿಟ್ಟುಕೊಳ್ಳಿ, ಹಳೆಯವು ಬಿಚ್ಚುವಾಗಲೇ ಹರಿಯುತ್ತವೆ.